ವಾಣಿಶ್ರೀ ಮೇಡಂ ತಕ್ಕಡಿಯಲ್ಲಿ ಒಂದು ಗೋಲಿ ಹೆಚ್ಚು

ಬೀಜಗಣಿತ ಎಂದ ಕೂಡಲೇ ಶಿರಾಳಕೊಪ್ಪದ ಏಳನೇ ಕ್ಲಾಸಿನ ಮಕ್ಕಳಿಗೆ ಮೆಕ್ಕೆಜೋಳ ನೆನಪಾದರೆ ತಪ್ಪೇನಲ್ಲ. ಬಿತ್ತಿದ ಬೀಜ ಮೊಳೆಯುತ್ತಿಲ್ಲವಲ್ಲ ಎನ್ನುವುದಷ್ಟೇ ವಾಣಿಶ್ರೀ ಮೇಡಂ ಸಂಕಟ. ಆರು ವರ್ಷ ಬೋರ್ಡಿನ ಮೇಲೆ ಎಕ್ಸ್ ಬರೆದರು. ಮಕ್ಕಳು ಅದನ್ನು ತಪ್ಪು ಉತ್ತರದ ಗುರುತು ಎಂದೇ ನೋಡಿ ಹೆದರಿದರು.

ಮೇಡಂ ಸೊರಬದ ಕಡೆಯವರು, ಚಂದ್ರಗುತ್ತಿ ಹತ್ತಿರದ ಊರು. ಬಸ್ಸು ಯಾಕೆ ತಡ ಎಂದು ಕಂಡಕ್ಟರನ್ನು ಕೇಳಿ, ಅವನು ಹೇಳಿದ್ದು ಸಾಲದೆ ಡ್ರೈವರನ್ನೂ ಕೇಳುವ ಪೈಕಿ. ಈ ವರ್ಷ ಒಂದು ಹಳೇ ತಕ್ಕಡಿ, ಒಂದು ಡಬ್ಬ ಗೋಲಿ ಶಾಲೆಗೆ ತಂದರು. ಆಟದಲ್ಲಿ ಒಬ್ಬರು ಅಂಗಡಿಯವರು, ಒಬ್ಬರು ಗಿರಾಕಿ. ಅಂಗಡಿಯವರು ಎರಡು ಪೊಟ್ಟಣಗಳಲ್ಲಿ ಸಮನಾಗಿ ಗೋಲಿ ಬಚ್ಚಿಟ್ಟು, ಅದೇ ತಟ್ಟೆಯಲ್ಲಿ ಉದಾಹರಣೆಗೆ ಮೂರು ಬಿಡಿ ಗೋಲಿ ಇಟ್ಟು, ಎದುರು ತಟ್ಟೆಯಲ್ಲಿ ಹದಿಮೂರು ಹಾಕಿ ಸಮ ತೂಗಿ ತೋರಿಸಬೇಕು. ಗಿರಾಕಿ ಅದನ್ನು ಸಮೀಕರಣವಾಗಿ ಬರೆದು, ಪೊಟ್ಟಣದಲ್ಲಿ ಎಷ್ಟಿದೆ ಎಂದು ಹೇಳಿ, ಬಿಚ್ಚಿ ನೋಡಬೇಕು. ಸರಿಯಾದರೆ ಮುಂದಿನ ಸಲ ಅಂಗಡಿ ಅವರದ್ದು.

ಹೆಡ್‌ಮಾಸ್ತರು ಮಹೇಶ್ವರಪ್ಪನವರು ಇದಕ್ಕೆ ಮೂರು ಶನಿವಾರಗಳ ಕೊನೆಯ ಪೀರಿಯಡ್ ಕೊಟ್ಟರು. ಅಷ್ಟರಲ್ಲಿ ಸಮೀಕರಣ ಬಂದರೆ ಸರಿ, ಇಲ್ಲದಿದ್ದರೆ ತಕ್ಕಡಿ ಮನೆಗೆ, ಮಕ್ಕಳು ಮಗ್ಗಿಗೆ.

ಮೊದಲ ಶನಿವಾರ ಯಾವತ್ತೂ ಬಾಯಿ ಬಿಡದವರೂ ಕೂಗಾಡಿದರು. ಆದರೆ ಉತ್ತರಗಳೆಲ್ಲ ತಪ್ಪು. ಲೆಕ್ಕದಲ್ಲಿ ಐದು ಬಂದರೆ ಪೊಟ್ಟಣದಲ್ಲಿ ಆರು, ಏಳು ಬಂದರೆ ಎಂಟು. ಎಣಿಸಲು ಬಾರದವರು ಹೆಚ್ಚೂ ಹಾಕುತ್ತಾರೆ, ಕಡಿಮೆಯೂ ಹಾಕುತ್ತಾರೆ. ಇವರು ಬರೀ ಹೆಚ್ಚೇ ಯಾಕೆ? ಮೇಡಂಗೆ ವಾರವಿಡೀ ಅದೇ ಯೋಚನೆ. ಎರಡನೇ ಶನಿವಾರವೂ ಹಾಗೇ ಆಯಿತು. ಬಾಗಿಲಲ್ಲಿ ಇಣುಕಿದ ಹೆಡ್‌ಮಾಸ್ತರು, "ಮೇಡಂ, ಈ ಅಂಗಡ್ಯಾಗೆ ಲೆಕ್ಕ ಕಲೀತಾರೋ, ಮರೀತಾರೋ?" ಎಂದು ಕೇಳಿ ಹೋದರು.

ಆಮೇಲೆ ಮೇಡಂ ತಕ್ಕಡಿ ನೋಡುವುದು ಬಿಟ್ಟು ಮಕ್ಕಳ ಕೈ ನೋಡತೊಡಗಿದರು. ನಯನ ಎಂಬ ಹುಡುಗಿ ಸರಿಯಾಗಿಯೇ ತೂಗಿದಳು. ಪೊಟ್ಟಣಗಳನ್ನು ತಟ್ಟೆಯಿಂದ ತೆಗೆದು ಗಿರಾಕಿಗೆ ಕೊಡುವ ಮುಂಚೆ ಒಂದೊಂದಕ್ಕೂ ಒಂದು ಗೋಲಿ ಸೇರಿಸಿದಳು. ಅವಳ ನಂತರದವನೂ ಅದನ್ನೇ ಮಾಡಿದ. ಯಾಕೆ ಎಂದರೆ ಇಬ್ಬರೂ ಮೇಡಂ ಮುಖ ನೋಡಿದರು, ಇದೂ ಒಂದು ಪ್ರಶ್ನೆಯಾ ಎನ್ನುವಂತೆ.

ಸಂತೆಯ ದಿನ ಮೇಡಂ ನಯನಳ ಅಮ್ಮ ಹನುಮಮ್ಮನ ತರಕಾರಿ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ಹನುಮಮ್ಮ ಅರ್ಧ ಕೇಜಿ ಬೀನ್ಸು ಸಮ ತೂಗಿ, ಚೀಲಕ್ಕೆ ಸುರಿದು, ಮೇಲೊಂದು ಹಿಡಿ ಹಾಕಿದಳು. ತೂಕ ಸರಿ ಇತ್ತಲ್ಲ, ಮತ್ತೆ ಹಾಕಿದ್ದು ಯಾಕೆ ಎಂದು ಮೇಡಂ ಕೇಳಿದರು.

"ಕೊಸರು ರೀ. ಬರೀ ತೂಕದ್ದಷ್ಟೇ ಕೊಟ್ರೆ ಗಿರಾಕಿನ ಬೈದಂಗೆ ಆಗ್ತತಿ."

ಆರು ವರ್ಷದಿಂದ ಕೊಸರು ತಿಂದವರಿಗೆ ಅದು ಕಂಡದ್ದು ಅವತ್ತೇ.

ಮೂರನೇ ಶನಿವಾರ ಹೆಡ್‌ಮಾಸ್ತರು ಹಿಂದಿನ ಬೆಂಚಿನಲ್ಲಿ ಬಂದು ಕೂತರು. ಸಮೀಕರಣದಲ್ಲಿ ಕೊಸರು ಇಲ್ಲ ಎಂದು ಮೇಡಂ ಸಾರಿದ್ದೇ ತಡ, ಅಂಗಡಿ ಇಡಲು ಒಬ್ಬರೂ ಏಳಲಿಲ್ಲ. ಅಂಥಾ ಜಿಪುಣ ಅಂಗಡಿ ಯಾರಿಗೆ ಬೇಕು? ಪೀರಿಯಡ್ ಅರ್ಧ ಹಾಗೇ ಕಳೆಯಿತು. ಹೆಡ್‌ಮಾಸ್ತರು ಗಡಿಯಾರ ನೋಡಿದರು.

ಕೊನೆಗೆ ನಯನ ಎದ್ದಳು. "ಮೇಡಂ, ಆ ಕಡೆ ತಟ್ಟೆನೂ ಗಿರಾಕಿನೇ ಅಂದ್ಕಂಡ್ರೆ? ಇಬ್ರಿಗೂ ಕೊಸರು ಹಾಕಿದ್ರೆ ಆತಲ್ರಿ."

ಒಂದು ಕಡೆ ಎರಡು ಪೊಟ್ಟಣ, ಮೂರು ಗೋಲಿ, ಇನ್ನೊಂದು ಕಡೆ ಹದಿಮೂರು ಇಟ್ಟು, ಮೇಲೆ ಕೊಸರು ಹಾಕಿ ನೋಡಿದರು. ಎರಡೂ ಕಡೆ ಒಂದೊಂದು ಗೋಲಿ, ತಕ್ಕಡಿ ಅಲುಗಲಿಲ್ಲ. ಹಾಗಾದರೆ ಎರಡೂ ಕಡೆಯಿಂದ ತೆಗೆದರೆ? ನಾಲ್ಕು ನಾಲ್ಕು ತೆಗೆದರು, ಆಗಲೂ ಸಮ. ಉಳಿದದ್ದು ಎರಡು ಪೊಟ್ಟಣಕ್ಕೆ ಹತ್ತು ಗೋಲಿ. ಬಿಚ್ಚಿದರೆ ಐದೈದು. ಎರಡೂ ಕಡೆ ಒಂದೇ ಮಾಡಿದರೆ ಸಮ ಕೆಡುವುದಿಲ್ಲ, ಮೇಡಂ ವರ್ಷಗಟ್ಟಲೆ ಉಕ್ತಲೇಖನ ಬರೆಸಿದ್ದ ನಿಯಮ ಅದು. ಆಮೇಲೆ ಅಂಗಡಿಗೆ ಸರದಿ ನಿಂತಿತು, ಉತ್ತರಗಳು ಸಾಲಾಗಿ ಸರಿಯಾದವು.

ಹೆಡ್‌ಮಾಸ್ತರು ಎದ್ದು ಬಂದು ಬೋರ್ಡಿನಲ್ಲಿ ಬರೆದರು: ಎಕ್ಸ್‌ನಿಂದ ನಾಲ್ಕು ಕಳೆದರೆ ಒಂಬತ್ತು. "ಇದನ್ನ ತೂಗ್ರಿ ನೋಡಾಣ."

ಕಳೆದದ್ದನ್ನು ತಟ್ಟೆಯಲ್ಲಿ ಇಡುವುದು ಹೇಗೆ? ತಮಗೂ ಗೊತ್ತಿಲ್ಲ ಎಂದರು ಮೇಡಂ. ಒಬ್ಬ, ನಾಲ್ಕು ಗೋಲಿ ಭಾರ ಎತ್ತುವ ಬಲೂನು ಕಟ್ಟೋಣ ಎಂದ. ಹೆಡ್‌ಮಾಸ್ತರು ತಾವೇ ಪೊಟ್ಟಣ ಬಿಚ್ಚಿ ನಾಲ್ಕು ಗೋಲಿ ತೆಗೆದರು. ಹಾಗೆ ತೆಗೆದರೆ ಅದು ಬೇರೆ ಪೊಟ್ಟಣ ಆಗುತ್ತದೆ ಎಂದು ನಯನ ತಕರಾರು ತೆಗೆದಳು. ಹೌದಲ್ಲ ಎಂದು ವಾಪಸ್ ತುಂಬಿದರು. ಬೆಲ್ ಹೊಡೆಯಿತು, ಯಾರೂ ಏಳಲಿಲ್ಲ, ಹೆಡ್‌ಮಾಸ್ತರೂ.

ಮೇಡಂ ತಕ್ಕಡಿಯನ್ನು ಚೀಲಕ್ಕೆ ಹಾಕಲು ಹೋದಾಗ ಅವರು ತಡೆದರು.

"ಇಲ್ಲೇ ಇರ್ಲಿ ಬಿಡ್ರಿ. ಮುಂದಿನ ಶನಿವಾರದ ತನಕ ಯಾರು ಕಾಯ್ತಾರೆ? ಸೋಮವಾರ ಪ್ರೇಯರ್ ಆದ ಕೂಡ್ಲೇ ಬರ್ತೀನಿ."