ಒಲ್ಲೆನೆಂದ ಚಹಾ

ಅಫಜಲಪುರದ ಅಪರಿಚಿತರ ಮನೆಯಲ್ಲಿ ನಾನು ಚಹಾ ಒಲ್ಲೆನೆಂದಾಗ ಏನಾಯಿತು, ಊಹಿಸಿ ನೋಡೋಣ! ಯುದ್ಧದ ಕಾಲ, ಸಕ್ಕರೆಗೆ ಬರ. ಖರ್ಚು ತಗ್ಗಿಸಲು ಬೇಸಿಗೆ ಮುಗಿಯುವವರೆಗೆ ಚಹಾ ಬಿಡುತ್ತೇವೆಂದು ಅಂದು ಬೆಳಿಗ್ಗೆಯೇ ಮನೆಮಂದಿಯೆಲ್ಲ ಆಣೆ ಮಾಡಿದ್ದೆವು. ಶಾಲೆಯ ಕೆಲಸಕ್ಕೆ ಹೊರಟವನು ಬಿಸಿಲಿಗೆ ಬಸವಳಿದು ಮುಸಲ್ಮಾನ ರೈತರೊಬ್ಬರ ಪಡಸಾಲೆಯಲ್ಲಿ ಕುಳಿತೆ. ಮನೆಯಾಕೆ ಚಹಾಕ್ಕೆಂದು ಒಲೆ ಹೊತ್ತಿಸಿದಳು. ಬೇಡವೆಂದೆ. ಆಕೆಯ ಮುಖ ಬಾಡಿತು.

"ಯಾಕ್ರಿ ಮಾಸ್ತರ, ನಮ್ಮನಿ ಚಹಾ ನಿಮಗ ನಡೆಯಂಗಿಲ್ಲೇನ್ರಿ?"

"ಛೇ ಛೇ, ಅಕ್ಕಾ! ಚಹಾನ ಬಿಟ್ಟೇನ್ರಿ. ಮಜ್ಜಿಗಿ ಕೊಡ್ರಿ, ಚರಿಗಿ ತುಂಬ ಕುಡೀತೇನಿ."

ಆಕೆ ನಕ್ಕುಬಿಟ್ಟಳು. "ಮೊದಲ ಹೇಳಬಾರದೇನ್ರಿ! ನಾವೂ ಬಿಟ್ಟೇವಿ. ನಿಮ್ಮ ಸಲುವಾಗಿ ಬಾಜೂ ಮನಿಯಿಂದ ಸಕ್ಕರಿ ತಂದೀನಿ, ವಾಪಸ್ ಕೊಟ್ಟು ಬರ್ತೇನಿ."

ಹೀಗೆ ಆಣೆ ಉಳಿಸಿಕೊಂಡು ಹೆಮ್ಮೆಯಿಂದ ಮನೆಗೆ ಬಂದರೆ, ಬೀಗರು ಬಂದ ನೆಪದಲ್ಲಿ ಎಲ್ಲರೂ ಚಹಾ ಹೀರುತ್ತಿದ್ದರು. ಆಣೆ ಮಾಡಿದ್ದೂ ಮುರಿದದ್ದೂ ಒಂದೇ ದಿನ: ಯುಗಾದಿಯ ಮರುದಿನ, ಸೋಮವಾರ.