ಎಕ್ಕದ ಹಾಲು ಬಿದ್ದ ಕಣ್ಣು

ಮಂಡಿನೋವು ಬಂದರೆ ನಮ್ಮವ್ವನಿಗೆ ಮಾತ್ರೆಗಿಂತ ಮೊದಲು ನೆನಪಾಗುವುದು ಎಕ್ಕ. ಮರಳುಗಾಡಿನಲ್ಲೂ ಬದುಕುವ ಗಿಡ ಅದು. ಬೆಟ್ಟದಪುರದ ಹತ್ತಿರದ ನಮ್ಮ ಹೊಲದ ಬದುವಿನಲ್ಲಿ ಯಾರೂ ನೀರು ಹಾಕದೆ ಬೆಳೆದಿದೆ. ಹೊಗೆಸೊಪ್ಪು ಕಟ್ಟುವ ದಿನಗಳಲ್ಲಿ ಹೊತ್ತೆಲ್ಲ ನೆಲದ ಮೇಲೆ ಕೂತವಳು, ಸಂಜೆ ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಕೆಂಡದ ಮೇಲೆ ಬಾಡಿಸಿ ಮಂಡಿಗೆ ಕಟ್ಟಿಕೊಳ್ಳುತ್ತಿದ್ದಳು.

ನಾನು ಹುಣಸೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವಳು. ಹೋದ ವರ್ಷ ರಜೆಯಲ್ಲಿ ಊರಿಗೆ ಹೋಗಿದ್ದಾಗ, ಒಂದು ಸಂಜೆ ಅವ್ವ ಎಲೆ ಕಿತ್ತುಕೊಂಡು ಬಂದಳು. ಎಡಗಣ್ಣು ಕೆಂಪಗಾಗಿತ್ತು.

"ಏನಾಯ್ತವ್ವ?"

"ತೊಟ್ಟು ಮುರಿಯುವಾಗ ಹಾಲು ಸಿಡೀತು ಕಣವ್ವ. ತೊಳ್ಕಂಡಿವ್ನಿ. ನೋವೇನಿಲ್ಲ ಬುಡು."

ನಾನು ಮತ್ತೆ ತುಂಬಾ ಹೊತ್ತು ನೀರು ಹಾಕಿ ತೊಳೆದೆ. ಆಸ್ಪತ್ರೆಗೆ ಹೋಗೋಣ ಎಂದರೆ ಕೇಳಲಿಲ್ಲ. ಬೆಳಿಗ್ಗೆ ಒಲೆಯ ಮುಂದೆ ಕೂತವಳು ಬಲಗಣ್ಣನ್ನು ಕೈಯಿಂದ ಮುಚ್ಚಿಕೊಂಡು ನನ್ನ ಕಡೆ ತಿರುಗಿದಳು.

"ನಿನ್ ಮೊಕವೇ ಕಾಣ್ತಿಲ್ಲ ಕಣೇ. ಹೊಗೆ ತುಂಬ್ದಂಗದೆ."

ಒಲೆ ಇನ್ನೂ ಹಚ್ಚಿರಲಿಲ್ಲ. ಪಕ್ಕದ ಮನೆಯವರ ಕಾರಿನಲ್ಲಿ ಮೈಸೂರಿಗೆ ಹೊರಟೆವು. ಬಿಳಿಕೆರೆ ದಾಟುವಾಗ ಅವ್ವ, "ಕಣ್ಣು ಹೊಂಟೋಯ್ತದಾ?" ಎಂದು ಮೆಲ್ಲಗೆ ಕೇಳಿದಳು. ನಾನು ಅವಳ ಕೈ ಹಿಡಿದುಕೊಂಡೆ.

ಕಣ್ಣಿನ ಡಾಕ್ಟರು ನಾವು ಎಕ್ಕದ ಹಾಲು ಎಂದ ಕೂಡಲೇ ತಲೆಯಾಡಿಸಿದರು. "ಇದು ಮೋಸ ಮಾಡೋದೇ ಹೀಗೆ ಅಮ್ಮ. ಎಷ್ಟೋ ಜನಕ್ಕೆ ನೋವೇ ಗೊತ್ತಾಗಲ್ಲ. ಕಣ್ಣಿನ ಮುಂದಿನ ಪಾರದರ್ಶಕ ಪದರ ಒಳಗೊಳಗೇ ಊದಿಕೊಂಡುಬಿಡುತ್ತೆ. ಬೇಗ ಬಂದಿದ್ದೀರಿ, ತಿಳಿಯಾಗುತ್ತೆ."

ದಿನವೂ ಹನಿ ಹಾಕುತ್ತಾ ಹೋದಂತೆ ನೋಟ ಮರಳಿತು. ಅವಳ ಜೊತೆಗಿದ್ದ ಆ ದಿನಗಳಲ್ಲಿ ನಾನು ಎಕ್ಕದ ಬಗ್ಗೆ ಓದಿದೆ. ಆ ಹಾಲಿನಲ್ಲಿ ಪ್ರೋಟೀನನ್ನು ತುಂಡರಿಸುವ ಕಿಣ್ವಗಳಿವೆ. ಕಾಲಿನಲ್ಲಿ ಮುಳ್ಳು ಮುರಿದ ಜಾಗಕ್ಕೆ ಹಾಲು ಬಿಟ್ಟರೆ ಚರ್ಮ ಮೆತ್ತಗಾಗುವುದು ಬಹುಶಃ ಅದರಿಂದಲೇ. ಹೃದಯದ ಬಡಿತವನ್ನು ಏರುಪೇರು ಮಾಡುವ ಕಹಿ ವಿಷವೂ ಅದರಲ್ಲೇ ಇದೆ. ದನಗಳು ಸಾಮಾನ್ಯವಾಗಿ ಅದಕ್ಕೆ ಬಾಯಿ ಹಾಕುವುದಿಲ್ಲ. ಗಿಡ ತನ್ನನ್ನು ಉಳಿಸಿಕೊಳ್ಳಲು ಮಾಡಿಕೊಂಡ ಹಾಲಿಗೆ ನಾವು ಒಮ್ಮೆ ಔಷಧಿ ಎನ್ನುತ್ತೇವೆ, ಒಮ್ಮೆ ವಿಷ ಎನ್ನುತ್ತೇವೆ.

ಇದನ್ನೆಲ್ಲ ಹೇಳಿದಾಗ ಅವ್ವ ಕೇಳಿದಳು: "ಅಂಗಾರೆ ಎಲೆ ಕಟ್ಟಿದ್ರೆ ನೋವು ಇಳೀತಿದ್ದದ್ದು ಸುಳ್ಳಾ?"

ಸುಳ್ಳಲ್ಲ ಎಂದೆ. ಆದರೆ ಬಿಸಿಯಿಂದ ಎಷ್ಟು, ಎಲೆಯಿಂದ ಎಷ್ಟು ಎಂದು ಬಿಡಿಸಿ ಹೇಳಲು ನನಗಾಗಲಿಲ್ಲ. ಬಿಸಿನೀರು ತುಂಬುವ ರಬ್ಬರ್ ಚೀಲವೊಂದನ್ನು ತಂದುಕೊಟ್ಟೆ. ಕೆಲವು ದಿನ ಬಳಸಿ, "ಇದ್ರಲ್ಲೂ ಇಳೀತದೆ ಕಣವ್ವ. ಆದ್ರೆ ಸೊಪ್ಪಿನ ವಾಸ್ನೆನೇ ಇಲ್ಲ" ಎಂದಳು.

ಈಗ ಹೆಚ್ಚಾಗಿ ಆ ಚೀಲವೇ. ನೋವು ಜಾಸ್ತಿಯಾದ ದಿನ ಮಾತ್ರ ಬದುವಿಗೆ ಹೋಗುತ್ತಾಳೆ. ಮುಖವನ್ನು ಆಚೆ ತಿರುಗಿಸಿ, ತೊಟ್ಟಿಗೆ ಬಟ್ಟೆ ಸುತ್ತಿ ಮುರಿಯುತ್ತಾಳೆ. ಮನೆಗೆ ಬಂದು ಸೋಪು ಹಾಕಿ ಕೈ ತೊಳೆದು, ಆಮೇಲೆ ನನಗೆ ಫೋನು ಮಾಡುತ್ತಾಳೆ.