ತಿನ್ನುವ ಹೂವು ಬೆಳೆದ ಎಸಳಕ್ಕ

"ನೋಡೋ ಹೂವಿಗೆ ಸುಳ್ಳು ಹೇಳಬಹುದು ಕಣ್ರೀ, ತಿನ್ನೋ ಹೂವಿಗೆ ಆಗಲ್ಲ. ಹೂದಾನಿಗೆ ಹೋಗಿದ್ದು ಬಾಡಿದ್ರೆ ಬಿಸಾಡ್ತಾರೆ. ನಂದು ಯಾರದೋ ಹೊಟ್ಟೆಗೆ ಹೋಗುತ್ತೆ. ಅದಕ್ಕೇ ಬುಟ್ಟಿ ತುಂಬೋಕೆ ಮುಂಚೆ ಮೊದಲ ಎಸಳು ನನ್ನ ಬಾಯಿಗೆ. ಗಿಡಕ್ಕೆ ಹೇನು ಬಿತ್ತಾ, ಸೋಪಿನ ನೀರು ಚಿಮುಕಿಸ್ತೀನಿ. ಗುಲಗಂಜಿ ಹುಳು ಬಂದ್ರೆ ಅದೂ ಬೇಡ, ಅವೇ ಕೂತು ಹೇನು ತಿಂದು ಮುಗಿಸ್ತವೆ. ಸಂಬಳ ಕೇಳದ ಆಳುಗಳು! ನಮ್ಮ ತಮ್ಮ ನಗ್ತಾನೆ, 'ಅಕ್ಕ ಹುಳಕ್ಕೆ ಊಟ ಹಾಕಿ ಮಿಕ್ಕಿದ್ದು ಮಾರ್ತಾಳೆ' ಅಂತ. ನಗ್ಲಿ ಬಿಡಿ."

ಹೀಗೆ ಮಾತಾಡುತ್ತಿದ್ದವಳನ್ನು ಹೋಟೆಲಿನ ಅಡುಗೆಯವನು ಎಸಳಕ್ಕ ಎಂದು ಕರೆದ, ಆ ಹೆಸರೇ ನಿಂತಿತು. ಅವಳ ಚೆಂಡುಹೂವು, ಶಂಖಪುಷ್ಪವೆಲ್ಲ ಅವನ ತಟ್ಟೆಗಳಿಗೇ ಹೋಗುತ್ತಿದ್ದವು. ಬೇರೆ ಗಿರಾಕಿ ಇರಲಿಲ್ಲ. ಪಕ್ಕದ ಅರ್ಧ ನೆಲ ತಮ್ಮನದು. ತಾಯಿಯಿಲ್ಲದವನೆಂದು ಅವಳೇ ಎತ್ತಿ ಆಡಿಸಿದ ಹುಡುಗ, ಈಗ ಮಾರುಕಟ್ಟೆಗೆ ಗುಲಾಬಿ ಬೆಳೆಯುತ್ತಿದ್ದ.

ಒಂದು ಬೆಳಿಗ್ಗೆ ಎಸಳು ಬಾಯಿಗಿಟ್ಟಾಗ ಕಹಿ ಹತ್ತಿ ನಾಲಗೆ ಚುರುಗುಟ್ಟಿತು. ಉಗಿದು ಬಗ್ಗಿ ನೋಡಿದರೆ, ಗಿಡಗಳ ಬುಡದಲ್ಲಿ ಗುಲಗಂಜಿ ಹುಳುಗಳು ಕಾಲು ಮೇಲೆ ಮಾಡಿ ಬಿದ್ದಿದ್ದವು.

"ನಿನ್ನೆ ಸಂಜೆ ಔಷಧಿ ಹೊಡೆದ್ಯೇನೋ?" ಎಂದು ತಮ್ಮನನ್ನು ಕೇಳಿದಳು.

"ನನ್ನ ಗಿಡಕ್ಕೆ ಹೊಡೆದೆ. ಮೊಗ್ಗೆಲ್ಲ ಹೇನಿಗೆ ಹೋಗ್ತಿತ್ತು. ನಿನ್ನ ಕಡೆ ಕಾಲೂ ಇಟ್ಟಿಲ್ಲ ಅಕ್ಕ."

"ಗಾಳಿಗೆ ಬೇಲಿ ಹಾಕಿದ್ಯಾ?"

ಅವನು ತಲೆ ಕೆರೆದುಕೊಂಡ. "ಚೆನ್ನಾಗಿ ತೊಳೆದು ಕೊಡು. ಯಾರಿಗೆ ಗೊತ್ತಾಗುತ್ತೆ?"

ಅವಳ ನಾಲಗೆ ಇನ್ನೂ ಉರಿಯುತ್ತಿತ್ತು. ಖಾಲಿ ಬುಟ್ಟಿ ಹಿಡಿದೇ ಹೋಟೆಲಿನ ಹಿಂಬಾಗಿಲಿಗೆ ಹೋಗಿ, ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಅಡುಗೆಯವನು ಕೈ ಒರೆಸಿಕೊಳ್ಳುತ್ತ ಕೇಳಿಸಿಕೊಂಡ.

"ಹೇಳಿದ್ದು ಒಳ್ಳೇದಾಯ್ತು ಎಸಳಕ್ಕ. ಆದ್ರೆ ನಾಳೆ ಗಾಳಿ ಯಾವ ಕಡೆ ಬೀಸುತ್ತೋ ನನಗೇನು ಗೊತ್ತು? ಇನ್ನು ತರಬೇಡಿ."

"ಇದನ್ನ ಕಿತ್ತು ಹೊಸದಾಗಿ ಹಾಕ್ತೀನಪ್ಪ..."

"ಬೇಡ ಅಕ್ಕ."

ಅವನು ಬಾಗಿಲು ಮುಚ್ಚಲಿಲ್ಲ. ಅವಳೇ ತಿರುಗಿದಳು.

ಮನೆಗೆ ಬಂದವಳೇ ಮಡಿಗಳಿಗೆ ಇಳಿದು ಗಿಡ ಕೀಳತೊಡಗಿದಳು. ವಿಷ ತಾಗಿದ ಗಿಡ, ಗೊಬ್ಬರದ ಗುಂಡಿಗೂ ಹಾಕುವಂತಿರಲಿಲ್ಲ. ಗುದ್ದಲಿ ಹಿಡಿದು ತಮ್ಮ ಬಂದು ನಿಂತ.

"ದೊಡ್ಡ ಸತ್ಯವಂತೆ! ಈಗ ಆ ಸತ್ಯಾನೇ ಬೇಯಿಸ್ಕೊಂಡು ತಿನ್ನು. ಬಾಯಿ ಮುಚ್ಕೊಂಡಿದ್ರೆ ನಡೀತಿತ್ತು."

"ನಡೀತಿತ್ತು," ಎಂದಳು. "ಗುದ್ದಲಿ ಇಲ್ಲಿ ಕೊಡು."

ಸಂಜೆ ಬಟ್ಟೆ ನೆನೆಹಾಕಿದಳು. ತಮ್ಮನ ಅಂಗಿಯ ಔಷಧಿ ವಾಸನೆ ಹೋಗಿರಲಿಲ್ಲ. ಅದನ್ನು ಬೇರೆ ಬಕೆಟ್ಟಿಗೆ ಹಾಕಿ, ಕುಕ್ಕರುಗಾಲಲ್ಲಿ ಕೂತು, ಕಾಲರು ತಿಕ್ಕತೊಡಗಿದಳು.